ಹೊಟ್ಟೆ ಸರಿಹೋದರೆ ಮನಸ್ಸೂ ಸರಿಹೋಗುತ್ತದಾ?

ಪ್ರಶ್ನೆ: ನನಗೆ 34 ವರ್ಷ. ಎಂಟು ತಿಂಗಳಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಈಗ ಎಷ್ಟೋ ವಾಸಿ. ಆದರೆ ಖಿನ್ನತೆ ಶುರುವಾಗುವುದೇ ಕರುಳಿನ ಬ್ಯಾಕ್ಟೀರಿಯಾದಿಂದ, ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ, ಮಾತ್ರೆ) ತೆಗೆದುಕೊಂಡರೆ ಸಾಕು ಅಂತ ಒಂದು ವಿಡಿಯೊದಲ್ಲಿ ನೋಡಿದೆ. ನನಗೆ ಮೊದಲಿಂದಲೂ ಹೊಟ್ಟೆಯ ತೊಂದರೆ ಇದೆ. ಮಾತ್ರೆ ಬಿಟ್ಟು ಅದನ್ನೇ ಶುರು ಮಾಡಲೇ? ಮಲ ಪರೀಕ್ಷೆ ಮಾಡಿಸಿದರೆ ಯಾವ ಬ್ಯಾಕ್ಟೀರಿಯಾ ಕಡಿಮೆ ಅಂತ ಗೊತ್ತಾಗುತ್ತದಾ?

ಉತ್ತರ: ದಯವಿಟ್ಟು ಮಾತ್ರೆ ಬಿಡಬೇಡಿ. ಉಳಿದದ್ದನ್ನು ಆಮೇಲೆ ಮಾತಾಡೋಣ. ಈ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಸಿಡುಕು, ಕೆಲವರಿಗೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುವುದು ಎಲ್ಲ ಶುರುವಾಗಬಹುದು, ಜೊತೆಗೆ ಖಿನ್ನತೆ ಮರಳಿ ಬರುವ ಭಯವೂ ಇದೆ. ಬಿಡುವ ಕಾಲ ಬಂದಾಗ ನಿಮ್ಮ ವೈದ್ಯರೇ ನಿಧಾನವಾಗಿ ಇಳಿಸುತ್ತಾರೆ.

ಹಾಗಂತ ವಿಡಿಯೊದಲ್ಲಿ ಹೇಳಿದ್ದೆಲ್ಲ ಸುಳ್ಳಲ್ಲ. ಕರುಳಿಗೂ ಮಿದುಳಿಗೂ ನಂಟು ಇದ್ದೇ ಇದೆ. ಎರಡನ್ನೂ ಜೋಡಿಸುವ ವೇಗಸ್ ನರದ ಎಳೆಗಳಲ್ಲಿ ಹೆಚ್ಚಿನವು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ, ಅಂದರೆ ಹೊಟ್ಟೆಯಿಂದ ತಲೆಗೆ. ಮನಸ್ಥಿತಿಯ ಜೊತೆ ನಂಟಿರುವ ರಾಸಾಯನಿಕ ಸೆರೊಟೋನಿನ್. ದೇಹದ ಸೆರೊಟೋನಿನ್‌ನಲ್ಲಿ ನೂರಕ್ಕೆ ಸುಮಾರು 90 ಭಾಗ ತಯಾರಾಗುವುದೂ ಕರುಳಿನಲ್ಲೇ. ಈ ಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ, ಆದರೆ ಆ ಸೆರೊಟೋನಿನ್ ಮಿದುಳಿನೊಳಗೆ ಹೋಗುವುದಿಲ್ಲ ಅನ್ನುವುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ.

ನನಗೆ ಮತ್ತೆ ಮತ್ತೆ ನೆನಪಾಗುವ ಒಂದು ಪ್ರಯೋಗ ಇದೆ. 2011ರಲ್ಲಿ ಪ್ರಕಟವಾದದ್ದು, ಐರ್ಲೆಂಡ್‌ನ ಕಾರ್ಕ್‌ನ ಜಾನ್ ಕ್ರಯಾನ್ ಮತ್ತು ಜೊತೆಗಾರರು ಮಾಡಿದ್ದು. ಇಲಿಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾದ ಒಂದು ತಳಿಯನ್ನು ಕೆಲವು ವಾರ ಕೊಟ್ಟು, ಆಮೇಲೆ ನೀರು ತುಂಬಿದ ಪಾತ್ರೆಗೆ ಬಿಟ್ಟರು. ಹತ್ತಿ ಬರಲು ದಾರಿ ಇಲ್ಲ. ಸಾಮಾನ್ಯವಾಗಿ ಇಲಿ ಸ್ವಲ್ಪ ಹೊತ್ತು ಒದ್ದಾಡಿ, ಇನ್ನು ಆಗದು ಅಂತ ಸುಮ್ನೆ ತೇಲಿಕೊಂಡಿರುತ್ತದೆ. ಬ್ಯಾಕ್ಟೀರಿಯಾ ತಿಂದ ಇಲಿಗಳು ಇನ್ನೂ ಜಾಸ್ತಿ ಹೊತ್ತು ಕಾಲು ಬಡಿಯುತ್ತಿದ್ದವು. ವೇಗಸ್ ನರ ಕತ್ತರಿಸಿದ ಇಲಿಗಳಲ್ಲಿ ಮಾತ್ರ ಈ ವ್ಯತ್ಯಾಸವೇ ಇರಲಿಲ್ಲ. ಎಂಥ ಸ್ಪಷ್ಟ ಫಲಿತಾಂಶ ಅಲ್ವಾ? ಆದರೆ ಅದೇ ತಳಿಯನ್ನು 29 ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದಾಗ, 2017ರಲ್ಲಿ ಬಂದ ವರದಿಯ ಪ್ರಕಾರ, ಒತ್ತಡದಲ್ಲಾಗಲಿ ಮನಸ್ಥಿತಿಯಲ್ಲಾಗಲಿ ಬರೀ ಹುಸಿಮದ್ದಿಗಿಂತ (ಔಷಧವೇ ಇಲ್ಲದ ಮಾತ್ರೆಗಿಂತ) ಹೆಚ್ಚೇನೂ ಆಗಲಿಲ್ಲ. ಇಲಿಗೆ ಆದದ್ದು ನಮಗೂ ಆಗಬೇಕು ಅಂತೇನಿಲ್ಲ.

ಮನುಷ್ಯರಲ್ಲಿ ಕಂಡದ್ದೂ ಇದೆ. ಬೆಲ್ಜಿಯಂನಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ನೋಡಿ 2019ರಲ್ಲಿ ಬಂದ ಅಧ್ಯಯನದಲ್ಲಿ, ಖಿನ್ನತೆ ಇರುವವರ ಕರುಳಿನಲ್ಲಿ ಕೊಪ್ರೊಕಾಕಸ್, ಡಯಾಲಿಸ್ಟರ್ ಎಂಬ ಎರಡು ಬಗೆ ಕಡಿಮೆ ಇದ್ದವು. ಆದರೆ ಮೊದಲು ಯಾವುದು? ಮನಸ್ಸು ಕುಗ್ಗಿದಾಗ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಹಾಸಿಗೆ ಬಿಟ್ಟು ಏಳಲು ಆಗುವುದಿಲ್ಲ. ಇವೆಲ್ಲ ಬ್ಯಾಕ್ಟೀರಿಯಾವನ್ನೂ ಬದಲಿಸುತ್ತವೆ. ನಿಮ್ಮ ಹೊಟ್ಟೆಯ ತೊಂದರೆಯೂ ಹಾಗೆಯೇ, ಅದರಿಂದ ಮನಸ್ಸು ಕುಗ್ಗುತ್ತದೆ, ಮನಸ್ಸು ಕುಗ್ಗಿದರೆ ಅದೂ ಹೆಚ್ಚುತ್ತದೆ. ಅದನ್ನು ನಿಮ್ಮ ವೈದ್ಯರಿಗೆ ಬಿಡಿಸಿ ಹೇಳಿ, ಮುಚ್ಚಿಡಬೇಡಿ. ಕೆಲವು ಮಾತ್ರೆಗಳೇ ಮೊದಮೊದಲು ಹೊಟ್ಟೆ ತೊಳಸುವ ಹಾಗೆ ಮಾಡುತ್ತವೆ.

ಪ್ರೊಬಯಾಟಿಕ್ ವಿಷಯಕ್ಕೆ ಬಂದರೆ, ಲಂಡನ್‌ನ ಕಿಂಗ್ಸ್ ಕಾಲೇಜಿನವರು ಮಾತ್ರೆಯಿಂದ ಪೂರ್ತಿ ಗುಣವಾಗದ 49 ಜನರ ಮೇಲೆ ಎಂಟು ವಾರ ಪ್ರಯೋಗ ನಡೆಸಿದರು. ಪ್ರೊಬಯಾಟಿಕ್ ತೆಗೆದುಕೊಂಡವರಲ್ಲಿ ಸುಧಾರಣೆ ಜಾಸ್ತಿ ಕಂಡಿತು. ಆದರೆ ಅವರು ಮಾತ್ರೆ ಬಿಟ್ಟಿರಲಿಲ್ಲ, ಅದರ ಜೊತೆಗೇ ಇದನ್ನು ತೆಗೆದುಕೊಂಡಿದ್ದರು. ನೀವೂ ವೈದ್ಯರನ್ನು ಕೇಳಿಯೇ ಶುರು ಮಾಡಿ.

ನನಗೆ ಇದಕ್ಕಿಂತ ಜಾಸ್ತಿ ಭರವಸೆ ಇರುವುದು ಊಟದ ಮೇಲೆ. ಆಸ್ಟ್ರೇಲಿಯಾದ ಫೆಲಿಸ್ ಜಾಕಾ ತಂಡ 2017ರಲ್ಲಿ 67 ಜನರ ಪ್ರಯೋಗವನ್ನು ಪ್ರಕಟಿಸಿತು. ತರಕಾರಿ, ಹಣ್ಣು, ಕಾಳು, ಇಡೀ ಧಾನ್ಯ ಹೆಚ್ಚಿಸಿ 12 ವಾರ ಊಟ ಬದಲಿಸಿಕೊಂಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಖಿನ್ನತೆ ಇಳಿಯಿತು. ಊಟ ಬದಲಿಸದೆ, ಮಾತಾಡಲು ಒಬ್ಬರ ಜೊತೆ ಮಾತ್ರ ಸಿಕ್ಕವರಲ್ಲಿ ಅದು ನೂರಕ್ಕೆ ಎಂಟು. ಚಿಕ್ಕ ಪ್ರಯೋಗ, ನಿಜ. ಆದರೆ ನಾರಿನಂಶ ಹೆಚ್ಚಿದರೆ ಕರುಳಿಗೆ ಹೇಗೂ ಒಳ್ಳೆಯದೇ. ನಿಮ್ಮ ಹೊಟ್ಟೆ ಸೂಕ್ಷ್ಮ ಇರುವುದರಿಂದ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ, ಇಲ್ಲವಾದರೆ ಉಬ್ಬರ ಬರುತ್ತದೆ.

ಮಲ ಪರೀಕ್ಷೆಗೆ ದುಡ್ಡು ಹಾಕಬೇಡಿ. ಒಬ್ಬರ ಕರುಳಿನಂತೆ ಇನ್ನೊಬ್ಬರದಿಲ್ಲ. ಆ ವರದಿ ನೋಡಿ ಖಿನ್ನತೆಗೆ ಇಂಥದ್ದೇ ಚಿಕಿತ್ಸೆ ಅಂತ ಯಾರೂ ಹೇಳಲಾರರು. ನಡುವೆ ಎಂದಾದರೂ ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ, ಅದೇ ದಿನ ನಿಮ್ಮ ವೈದ್ಯರಿಗೆ, ಹತ್ತಿರದ ಒಬ್ಬರಿಗೆ ಹೇಳಿ.