ಆರ್ಡರ್ ಒಬ್ಬರದು, ಬಿಲ್ಲು ಇನ್ನೊಬ್ಬರಿಗೆ

ಮುಂಬಯಿ ಹತ್ತಿರದ ಡೊಂಬಿವಲಿಯ ಕನ್ನಡ ಓದುಗರೊಬ್ಬರು ಬರೆದಿದ್ದಾರೆ: ಮಗ ಹತ್ತನೇ ತರಗತಿ ಪಾಸಾಗಿದ್ದಾನೆ, ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗ್ತೀನಿ ಅಂತಾನೆ. ವಿಚಾರಿಸಲು ಹೋದರೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದಾಡಿಸಿದರು. ಐಟಿಐ ನೋಡಲು ಹೋದರೆ ಲೋಹ ಕಡೆಯುವ ಲೇತ್‌ ಮೆಷಿನ್‌ಗಳು ಕೆಟ್ಟು ನಿಂತಿವೆ. ಭಾವ ಬೇರೆ "ಅದು ದಡ್ಡರ ಜಾಗ" ಅಂದರು. ಇದನ್ನೆಲ್ಲ ನಡೆಸುವವರು ಯಾರು, ದುಡ್ಡು ಯಾರದು?

ಪ್ರಿಯ ಅಕ್ಕ,

ನೀವು ಮೊದಲು ಹೋದದ್ದು ತಾಂತ್ರಿಕ ಶಿಕ್ಷಣದ ಕಚೇರಿ ಇರಬೇಕು. ಅವರು ನೋಡಿಕೊಳ್ಳುವುದು ಪಾಲಿಟೆಕ್ನಿಕ್, ಇಂಜಿನಿಯರಿಂಗ್. ಐಟಿಐ ಇರುವುದು ರಾಜ್ಯದ ಕೌಶಲ್ಯ ಇಲಾಖೆಯ ಕೆಳಗೆ, ಡಿವಿಇಟಿ ಅನ್ನುವ ವೃತ್ತಿ ಶಿಕ್ಷಣ ಮತ್ತು ತರಬೇತಿ ನಿರ್ದೇಶನಾಲಯದ ಕೈಯಲ್ಲಿ. ಅಣ್ಣತಮ್ಮಂದಿರೇ, ಆದರೆ ಒಲೆ ಬೇರೆ. ಡಿವಿಇಟಿ ಬೋರ್ಡಿನ ಮೇಲೆ ಮರಾಠಿಯಲ್ಲಿ 'ವ್ಯವಸಾಯ ಶಿಕ್ಷಣ' ಅಂತ ಇರುತ್ತದೆ. ನಮ್ಮವರು ಅದನ್ನು ಓದಿ ಬೇಸಾಯದ ಆಫೀಸು ಅಂದುಕೊಂಡರೆ ತಪ್ಪೇನಿಲ್ಲ!

ಇನ್ನು ದುಡ್ಡು. ಐಟಿಐ ಯೋಜನೆ ಶುರುವಾದದ್ದು 1950ರಲ್ಲಿ, ಕೇಂದ್ರದಿಂದ. 1956ರಲ್ಲಿ ದಿನದ ಆಡಳಿತ ರಾಜ್ಯಗಳಿಗೆ ಬಂತು. 1969ರ ಏಪ್ರಿಲ್‌ನಿಂದ ಖರ್ಚಿನ ಹೊಣೆಯೂ ರಾಜ್ಯದ ತಲೆಗೇ ಬಿತ್ತು. ಆದರೆ ಸಿಲೆಬಸ್, ಪರೀಕ್ಷೆ, ಸರ್ಟಿಫಿಕೇಟು ಇವತ್ತಿಗೂ ದಿಲ್ಲಿಯದು. ಯಾವ ಟ್ರೇಡಿಗೆ ಯಾವ ಮೆಷಿನ್ ಇರಬೇಕು ಅಂತ ಪಟ್ಟಿ ಬರೆಯುವವರು ದಿಲ್ಲಿಯವರು, ಕೊಳ್ಳಬೇಕಾದವರು ರಾಜ್ಯದವರು. ಹೋಟೆಲಿನಲ್ಲಿ ಆರ್ಡರ್ ಒಬ್ಬ ಕೊಟ್ಟು, ಬಿಲ್ಲು ಪಕ್ಕದ ಟೇಬಲಿಗೆ ಹೋದ ಹಾಗೆ. ಲೇತ್ ಕೆಟ್ಟು ನಿಂತರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದು ಸುಲಭ ಅಲ್ವಾ?

2007-08ರಲ್ಲಿ ಕೇಂದ್ರ ಇನ್ನೊಂದು ದಾರಿ ಹಿಡಿಯಿತು. 1,396 ಸರ್ಕಾರಿ ಐಟಿಐಗಳನ್ನು ಆರಿಸಿ, ತಲಾ 2.5 ಕೋಟಿ ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ. ದುಡ್ಡು ಐಟಿಐನ ಆಡಳಿತ ಸಮಿತಿಯ ಕೈಗೇ, ಅಧ್ಯಕ್ಷರು ಉದ್ಯಮದವರು. ಯೋಚನೆ ಒಳ್ಳೆಯದೇ. ಆದರೆ ಸಾಲ ಅಂದಮೇಲೆ ತೀರಿಸಬೇಕಲ್ಲ, ಕೈ ಬಿಗಿಯಾಗದೆ ಇರುತ್ತಾ? 2025ರ ಮೇ ತಿಂಗಳಲ್ಲಿ ಐಟಿಐಗಳನ್ನು ಸುಧಾರಿಸುವ 60,000 ಕೋಟಿಯ ಹೊಸ ಯೋಜನೆಗೆ ಒಪ್ಪಿಗೆ ಸಿಕ್ಕಿದೆ. ಕೇಂದ್ರ 30,000, ರಾಜ್ಯಗಳು 20,000, ಉದ್ಯಮ 10,000 ಕೋಟಿ. ನಿಮ್ಮ ಮಗನ ಎರಡು ವರ್ಷ ಮುಗಿಯುವುದರೊಳಗೆ ಅದು ಅವನ ಬೆಂಚಿನವರೆಗೆ ಬರುತ್ತದೆ ಅಂತ ಮಾತ್ರ ನಂಬಿ ಕೂರಬೇಡಿ.

ಒಂದು ಮಾತು. ಲೇತ್ ಮುಖ್ಯವಾಗಿ ಟರ್ನರ್ ಹುಡುಗರ ಮೆಷಿನ್. ನೀವು ನೋಡಬೇಕಾದ್ದು ವೈಂಡಿಂಗ್ ಕೋಣೆ. ನಾನೊಮ್ಮೆ ಅಂಥ ಕೋಣೆಯಲ್ಲಿ ಅರ್ಧ ಗಂಟೆ ಕೂತಿದ್ದೆ. ಒಬ್ಬ ಹುಡುಗ ಸಣ್ಣ ಮೋಟಾರಿನ ತಾಮ್ರದ ತಂತಿಯನ್ನು ಬಾಯಲ್ಲೇ ಎಣಿಸುತ್ತಾ ಸುತ್ತುತ್ತಿದ್ದ. ಗೆಳೆಯ ಏನೋ ಕೇಳಿದ, ಲೆಕ್ಕ ತಪ್ಪಿತು. ಬೈಯಲಿಲ್ಲ, ಸುಮ್ನೆ ಅಷ್ಟನ್ನೂ ಬಿಚ್ಚಿ ಮತ್ತೆ ಒಂದರಿಂದ ಶುರು ಮಾಡಿದ. ಇದು ದಡ್ಡರ ಕೆಲಸವೇ?

ಭಾವನ ಮೇಲೂ ಸಿಟ್ಟಾಗಬೇಡಿ. ನಮ್ಮ ಹಿರಿಯರು ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತವರು. ಮೆಟ್ರಿಕ್ ಪಾಸಾದರೆ ಕೈಕೆಲಸ ತಪ್ಪುತ್ತದೆ ಅಂತಲೇ ನಿದ್ದೆಗೆಟ್ಟವರು. ಮೊಮ್ಮಗ ಸ್ಕ್ರೂಡ್ರೈವರ್ ಹಿಡಿದರೆ ಮನೆಯವರ ಮುಖ ಸಣ್ಣದಾಗುವುದು ಅದಕ್ಕೇ.

ಎರಡು ವರ್ಷ ಮುಗಿದ ಮೇಲೆ ಓದಬೇಕು ಅನ್ನಿಸಿದರೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಲು ಅವಕಾಶವಿದೆ. ಇಲ್ಲವೆಂದರೆ ಅಪ್ರೆಂಟಿಸ್. ನಮ್ಮ ಪರೇಲ್, ಮಾಟುಂಗಾದ ರೈಲ್ವೆ ವರ್ಕ್‌ಶಾಪುಗಳೂ ತಗೊಳ್ಳುತ್ತವೆ.

ಪ್ರವೇಶದ ಅರ್ಜಿ ಆನ್‌ಲೈನ್. ಮನೆಗೆ ಹತ್ತಿರ ಅಂತ ಒಂದೇ ಕಾರಣಕ್ಕೆ ಯಾವ ಐಟಿಐಯನ್ನೂ ಅರ್ಜಿಯ ಆಯ್ಕೆ ಪಟ್ಟಿಯಲ್ಲಿ ಮೇಲೆ ಹಾಕಬೇಡಿ. ಮೊದಲು ಮಗನನ್ನು ಕರೆದುಕೊಂಡು ಹೋಗಿ. ಒಂದು ಬ್ಯಾಚಿಗೆ ಎಷ್ಟು ಮೋಟಾರ್ ಇವೆ, ಮೇಷ್ಟ್ರು ಕಾಯಂ ಇದ್ದಾರಾ, ತಾಸಿನ ಲೆಕ್ಕದವರಾ, ಕೇಳಿ. ಆಡಳಿತ ಸಮಿತಿಯಲ್ಲಿ ಯಾವ ಕಂಪನಿಯವರಿದ್ದಾರೆ ಅಂತಲೂ ಕೇಳಿ. ಉತ್ತರ ಏನು ಬಂತು ಅಂತ ನಮಗೊಂದು ಕಾಗದ ಹಾಕಿ.