ನೇಪಾಳದಿಂದ ಯಾವ ಕೈಕೆಲಸದ ವಸ್ತು ತರಬಹುದು?

ನೇಪಾಳಕ್ಕೆ ಹೊರಟಿದ್ದೀನಿ, ಯಾವ ಕೈಕೆಲಸದ ವಸ್ತು ತರಲಿ, ಹಳೆ ಕಲೆ ಇನ್ನೂ ಉಳಿದಿದೆಯಾ ಅಂತ ಕೇಳಿದ್ದೀರಿ. ಚೆನ್ನಾಗಿಯೇ ಉಳಿದಿದೆ. ಆದರೆ ಕಠ್ಮಂಡುವಿನಲ್ಲಿ ಪ್ರವಾಸಿಗರು ಸೇರುವ ಥಮೇಲ್ ಪೇಟೆಯಲ್ಲೇ ಎಲ್ಲ ಕೊಂಡು ಮುಗಿಸಬೇಡಿ. ಪಕ್ಕದ ಊರು ಪಾಟನ್‌ಗೆ ಒಂದು ದಿನ ಇಟ್ಟುಕೊಳ್ಳಿ.

ಅಲ್ಲಿ ಕಠ್ಮಂಡು ಕಣಿವೆಯ ಮೂಲನಿವಾಸಿಗಳಾದ ನೇವಾರ ಸಮುದಾಯದ ಶಾಕ್ಯ ಮನೆತನದವರು ತಲೆತಲಾಂತರದಿಂದ ತಾಮ್ರದ ಮೂರ್ತಿ ಮಾಡುತ್ತಾರೆ. ಮೊದಲು ಮೇಣದಲ್ಲಿ ಮೂರ್ತಿ ತಿದ್ದುತ್ತಾರೆ. ಅದರ ಮೇಲೆ ಸಗಣಿ ಬೆರೆಸಿದ ನುಣುಪು ಮಣ್ಣು, ಆಮೇಲೆ ಭತ್ತದ ಹೊಟ್ಟು ಕಲಸಿದ ಮಣ್ಣು ಮೆತ್ತಿ ಒಣಗಿಸುತ್ತಾರೆ. ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಆ ಜಾಗಕ್ಕೆ ಕರಗಿದ ತಾಮ್ರ ಹೊಯ್ಯುತ್ತಾರೆ. ಅಚ್ಚು ಒಡೆದೇ ಮೂರ್ತಿ ತೆಗೆಯಬೇಕು, ಹಾಗಾಗಿ ಒಂದು ಅಚ್ಚಿಗೆ ಒಂದೇ ಮೂರ್ತಿ. ಕಣ್ಣಿನ ರೆಪ್ಪೆ, ಬಟ್ಟೆಯ ಅಂಚು ಎಲ್ಲ ಆಮೇಲೆ ಸಣ್ಣ ಉಳಿಯಲ್ಲಿ ಕೆತ್ತುತ್ತಾರೆ. ಕೊಳ್ಳುವಾಗ ಮುಖಕ್ಕಿಂತ ಬೆರಳು ಮತ್ತು ಬೆನ್ನು ನೋಡಿ. ಅವಸರದ ಕೆಲಸ ಅಲ್ಲೇ ಗೊತ್ತಾಗುತ್ತದೆ. ಇದೇ ಕಣಿವೆಯ ಶಿಲ್ಪಿ ಅರನಿಕೋ 13ನೇ ಶತಮಾನದಲ್ಲಿ ಚೀನಾ ಆಳಿದ ಮಂಗೋಲ್ ದೊರೆ ಕುಬ್ಲಾಯ್ ಖಾನನ ಆಸ್ಥಾನ ಸೇರಿದವನು. ಬೀಜಿಂಗ್‌ನಲ್ಲಿ ಅವನು ಕಟ್ಟಿದ ಬಿಳಿ ಸ್ತೂಪ ಈಗಲೂ ನಿಂತಿದೆ.

ಚಿನ್ನದ ಲೇಪಕ್ಕೆ ಹಳೆ ಪದ್ಧತಿಯಲ್ಲಿ ಪಾದರಸ ಬಳಸುತ್ತಾರೆ. ಅದರ ಹೊಗೆ ಕೆಲಸಗಾರರಿಗೆ ವಿಷ. ಇದು ನನಗೆ ತುಂಬಾ ಸಂಕಟದ ವಿಷಯ. ಲೇಪ ಇಲ್ಲದ ತಾಮ್ರವೂ ಚೆಂದ, ಅದನ್ನೇ ಕೊಳ್ಳಿ. ಹಳೆಯದರಂತೆ ಕಾಣುವ ಮೂರ್ತಿಗೆ ಇದು ಪುರಾತನ ವಸ್ತು ಅಲ್ಲ ಅಂತ ಅಲ್ಲಿನ ಪುರಾತತ್ವ ಇಲಾಖೆಯ ಪತ್ರ ಮಾಡಿಸಿಕೊಳ್ಳಿ. 100 ವರ್ಷ ದಾಟಿದ್ದನ್ನು ದೇಶದಿಂದ ಹೊರಗೆ ತರಲು ಬಿಡಲ್ಲ.

ದುಡ್ಡು ಕಡಿಮೆ ಇದ್ದರೆ ಲೋಕ್ತಾ ಕಾಗದದ ಪುಸ್ತಕ ತನ್ನಿ. ಬೆಟ್ಟದ ಪೊದೆಯೊಂದರ ಒಳತೊಗಟೆ ಬೇಯಿಸಿ, ಜಜ್ಜಿ ಮಾಡುವ ಕಾಗದ ಅದು. ಕಡಿದ ಗಿಡ ಬುಡದಿಂದ ಮತ್ತೆ ಚಿಗುರುತ್ತದೆ. ಹುಳ ಹಿಡಿಯಲ್ಲ ಅಂತಲೇ ಸರ್ಕಾರಿ ದಾಖಲೆಗಳಿಗೆ ಬಳಸುತ್ತಿದ್ದರು.

ಬಣ್ಣಬಣ್ಣದ ಉಣ್ಣೆ ಉಂಡೆಗಳ ಫೆಲ್ಟ್ ಸಾಮಾನೂ ಎಲ್ಲ ಕಡೆ ಸಿಗುತ್ತದೆ. ಉಣ್ಣೆ ಜಾಸ್ತಿ ನ್ಯೂಜಿಲೆಂಡ್‌ನದು, ಅದಕ್ಕೇ ಕೆಲವರು ಇದು ನೇಪಾಳದ್ದೇ ಅಲ್ಲ ಅಂತಾರೆ. ನಾನು ಒಪ್ಪಲ್ಲ. ಸೋಪಿನ ನೀರಿನಲ್ಲಿ ಉಜ್ಜಿ ಉಜ್ಜಿ ಅದನ್ನು ಗಟ್ಟಿ ಮಾಡುವವರು ಅಲ್ಲಿನ ಹೆಂಗಸರೇ ಅಲ್ವಾ? ನೇಪಾಳದ ಕಾರ್ಪೆಟ್ ಉದ್ಯಮವನ್ನೂ 1960ರ ದಶಕದಲ್ಲಿ ಬೆಳೆಸಿದವರು ಟಿಬೆಟ್‌ನಿಂದ ಬಂದ ನಿರಾಶ್ರಿತರು. ನಮ್ಮ ಬೈಲಕುಪ್ಪೆಯಲ್ಲೂ ಅವರದೇ ಮಂದಿ ನೇಯುತ್ತಾರೆ. ನೇಪಾಳದಲ್ಲಿ ಅವರ ಶಿಬಿರ ಇರುವ ಜಾವಲಾಖೇಲ್ ಪಾಟನ್‌ಗೆ ಹತ್ತಿರ, ಅಲ್ಲಿ ಮಗ್ಗದ ಮುಂದೆ ಕೂತವರನ್ನು ನೋಡಿಕೊಂಡೇ ಕಾರ್ಪೆಟ್ ಕೊಳ್ಳಬಹುದು.