ನೆರೆ ಇಳಿದ ಮನೆಯಲ್ಲಿ ಮೊದಲ ಕೆಲಸ ಯಾವುದು?

ಪ್ರಶ್ನೆ: ಭೀಮಾ ನದಿ ಉಕ್ಕಿದಾಗ ನಮ್ಮ ಮನೆಯಲ್ಲಿ ಮೊಣಕಾಲು ಮಟ್ಟ ನೀರು ನಿಂತಿತ್ತು. ಈಗ ಕಾಳಜಿ ಕೇಂದ್ರದಿಂದ ಮರಳಿ ಬಂದಿದ್ದೇವೆ. ಒಳಗೆಲ್ಲ ರಾಡಿ ತುಂಬಿದೆ, ಸಂಡಾಸದ ಗುಂಡಿ ಬಾಯಿಮಟ್ಟ ನಿಂತಿದೆ, ಹಿತ್ತಲ ಬಾವಿಗೂ ಹೊಳೆಯ ನೀರು ಸೇರಿದೆ. ಎರಡು ವರ್ಷದ ಕೂಸು ಮತ್ತು ವಯಸ್ಸಾದ ಅತ್ತೆಯವರು ಮನೆಯಲ್ಲಿದ್ದಾರೆ. ಯಾವುದನ್ನು ಮೊದಲು ಮಾಡಬೇಕು? ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?
(ಗೃಹಿಣಿ, ಅಫಜಲಪುರ ತಾಲ್ಲೂಕು)

ಉತ್ತರ: ಮನೆಗೆ ಮರಳಿದವರೆಲ್ಲ ಮೊದಲು ಕಸಬರಿಗೆ ಹಿಡಿಯುವುದು ಸಹಜ. ಆದರೆ ನೆಲದ ರಾಡಿ ಒಂದು ದಿನ ತಡೆದೀತು. ಕುಡಿಯುವ ನೀರು ಮತ್ತು ಶೌಚದ ವ್ಯವಸ್ಥೆ ಒಂದು ಹೊತ್ತೂ ತಡೆಯಲಾರವು. 2020ರ ಅಕ್ಟೋಬರ್‌ನಲ್ಲಿ ಕಂಡಂತೆ, ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ಸೊನ್ನ ಬ್ಯಾರೇಜು ದಾಟಿ ಊರಿಗೆ ನುಗ್ಗುವ ಹೊತ್ತಿಗೆ ದಾರಿಯ ಗಟಾರ, ತಿಪ್ಪೆ, ಶೌಚಗುಂಡಿಗಳನ್ನೆಲ್ಲ ತೊಳೆದುಕೊಂಡೇ ಬಂದಿರುತ್ತದೆ. ಆ ಹೊಲಸು ಬಾಯಿಗೆ ತಲುಪದಂತೆ ತಡೆಯುವುದೇ ಈಗಿನ ಮುಖ್ಯ ಕೆಲಸ. ಒಳಗೆ ಕಾಲಿಡುವ ಮೊದಲು ವಿದ್ಯುತ್ತಿನ ಮೇನ್ ಸ್ವಿಚ್ ಆರಿಸಿರುವುದನ್ನು ಖಚಿತಪಡಿಸಿಕೊಳ್ಳಿ; ಮೂಲೆಗಳಲ್ಲಿ ಹಾವು ಸೇರಿರಬಹುದಾದ್ದರಿಂದ ಕೋಲಿನಿಂದ ಕೆದಕಿ ನೋಡದೆ ಕೈ ಹಾಕಬೇಡಿ.

ಬಾವಿಯ ನೀರು ತಿಳಿಯಾಗಿ ಕಂಡರೂ ಸದ್ಯಕ್ಕೆ ಅದನ್ನು ಕುಡಿಯಬಾರದು. ಟ್ಯಾಂಕರ್ ನೀರಾಗಲಿ ನಳದ ನೀರಾಗಲಿ, ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಯಲು ಆರಂಭಿಸಿದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಉರುವಲು ಸಾಲದಿದ್ದರೆ ಆಶಾ ಕಾರ್ಯಕರ್ತೆಯರು ಕೊಡುವ ಕ್ಲೋರಿನ್ ಗುಳಿಗೆಯನ್ನು ಬಳಸಬಹುದು. ಗುಳಿಗೆಗಳ ಬಲ ಬೇರೆ ಬೇರೆ ಇರುವುದರಿಂದ ಒಂದಕ್ಕೆ ಎಷ್ಟು ಲೀಟರ್ ಎಂಬುದನ್ನು ಪೊಟ್ಟಣದ ಮೇಲೆ ಓದಿಕೊಂಡು ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ನಮ್ಮ ಭಾಗದ ಮನೆಗಳಲ್ಲಿ ತೊಗರಿ, ಹತ್ತಿಗೆ ಹೊಡೆಯುವ ಔಷಧಿಯ ಡಬ್ಬಿಗಳು ಮೂಲೆಯಲ್ಲಿ ಇದ್ದೇ ಇರುತ್ತವೆ. ಅವು ನೀರಿನಲ್ಲಿ ತೇಲಿ ಒಡೆದಿದ್ದರೆ, ಅಥವಾ ನೀರು ಸೀಮೆಎಣ್ಣೆ, ಡೀಸೆಲ್ ವಾಸನೆ ಹೊಡೆಯುತ್ತಿದ್ದರೆ, ಅಂಥ ನೀರು ಎಷ್ಟು ಕುದಿಸಿದರೂ ಕುಡಿಯಲು ಯೋಗ್ಯವಾಗುವುದಿಲ್ಲ.

ಬಾವಿಯ ಪ್ರಶ್ನೆಗೆ ಬರುತ್ತೇನೆ. ರಾಡಿ ನೀರಿಗೆ ಪೌಡರ್ ಸುರಿದು ಪ್ರಯೋಜನವಿಲ್ಲ, ಏಕೆಂದರೆ ಕ್ಲೋರಿನ್ನಿನ ಶಕ್ತಿಯೆಲ್ಲ ಕೆಸರಿಗೇ ವ್ಯಯವಾಗುತ್ತದೆ. ಮೊದಲು ಮೋಟಾರಿನಿಂದ ನೀರೆತ್ತಿ ಹೊರಚೆಲ್ಲಿ, ಹೂಳು ತೆಗೆಸಿ. ವಿಷಗಾಳಿಯ ಅಪಾಯವಿರುವುದರಿಂದ ಅನುಭವವಿಲ್ಲದವರನ್ನಾಗಲಿ, ಒಬ್ಬರನ್ನೇ ಆಗಲಿ ಕೆಳಗಿಳಿಸಬೇಡಿ. ಹೊಸ ನೀರು ಊರಿದ ಮೇಲೆ ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅಗಲವನ್ನು ಅಗಲದಿಂದಲೂ ನೀರಿನ ಆಳದಿಂದಲೂ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ನೀರು ಎಷ್ಟು ಲೀಟರ್ ಎಂಬುದು ಸಿಗುತ್ತದೆ. 3 ಮೀಟರ್ ಅಗಲದ ದುಂಡು ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್ ಆಯಿತು. ಸಾಮಾನ್ಯ ದಿನಗಳ ಪ್ರಮಾಣ 1,000 ಲೀಟರಿಗೆ 2.5 ಗ್ರಾಂ, ಅಂದರೆ ಈ ಬಾವಿಗೆ 70 ಗ್ರಾಂ. ನೆರೆ ಹೊಕ್ಕ ಬಾವಿಗೆ ಮೊದಲ ಸಲ ಇದಕ್ಕಿಂತ ಬಹಳ ಹೆಚ್ಚು ಬೇಕಾಗುತ್ತದೆ. ಅದನ್ನು ಆರೋಗ್ಯ ಸಿಬ್ಬಂದಿ ನೋಡಿ ನಿರ್ಧರಿಸಲಿ, ಆಮೇಲೆ ಕ್ಲೋರಿನ್ ಪರೀಕ್ಷೆಯನ್ನೂ ಅವರಿಂದಲೇ ಮಾಡಿಸಿಕೊಳ್ಳಿ. ಪೌಡರನ್ನು ನೇರವಾಗಿ ಬಾವಿಗೆ ಎರಚುವ ರೂಢಿ ಸರಿಯಲ್ಲ. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮತ್ತಷ್ಟು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟರೆ ಸುಣ್ಣವು ತಳಕ್ಕೆ ಕೂರುತ್ತದೆ; ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಿಂದ ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಬೇಕು. ವರ್ಷಗಟ್ಟಲೆ ತೆರೆದಿಟ್ಟ ಚೀಲದ ಪೌಡರಿನಲ್ಲಿ ಬಲ ಉಳಿದಿರುವುದಿಲ್ಲ.

ಇನ್ನು ಸಂಡಾಸ. ಎರೆಮಣ್ಣಿನಲ್ಲಿ ನೀರು ಇಂಗುವುದು ನಿಧಾನ, ಆದ್ದರಿಂದ ತುಂಬಿದ ಗುಂಡಿ ಬೇಗ ಇಳಿಯುವುದಿಲ್ಲ. ಅದನ್ನು ಗಟಾರಕ್ಕೆ ಅಥವಾ ಹಳ್ಳಕ್ಕೆ ಖಾಲಿ ಮಾಡಿಸುವುದೆಂದರೆ ನಿಮ್ಮ ಮನೆಯ ರೋಗವನ್ನು ಕೆಳಗಿನ ಊರಿಗೆ ಸಾಗಿಸಿದಂತೆ. ನೀರು ಇಳಿಯುವವರೆಗೆ ಬಾವಿ, ಬೋರ್‌ವೆಲ್‌ಗಳಿಂದ 30 ಮೀಟರ್ ದೂರದ ಒಣ ಜಾಗದಲ್ಲಿ ಸಣ್ಣ ತಗ್ಗು ತೋಡಿ, ಸುತ್ತ ಮರೆ ಕಟ್ಟಿ, ಪ್ರತಿ ಸಲ ಬಳಸಿದ ಮೇಲೆ ಬೂದಿ ಅಥವಾ ಮಣ್ಣು ಮುಚ್ಚಿ. ಅತ್ತೆಯವರಿಗೆ ರಾತ್ರಿ ಹೊತ್ತು ಮುಚ್ಚಳವಿರುವ ಬಕೆಟ್ಟಿನ ತಳಕ್ಕೆ ಬೂದಿ ಹಾಕಿಟ್ಟು, ಬೆಳಿಗ್ಗೆ ಅದೇ ತಗ್ಗಿಗೆ ಸುರಿಯಬಹುದು. ಕೂಸಿನ ಮಲದಿಂದ ಏನೂ ಆಗದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ತೊಳೆದ ನೀರನ್ನು ಅಂಗಳಕ್ಕೆ ಚೆಲ್ಲುವವರೂ ಇದ್ದಾರೆ. ಅದು ಕೂಡ ತಗ್ಗಿಗೇ ಹೋಗಬೇಕು, ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು.

ಇದಾದ ಮೇಲೆ ನೆಲ. ಕೆಸರು ಹಸಿಯಾಗಿರುವಾಗಲೇ ಎತ್ತಿಹಾಕಿ; ಒಣಗಿದರೆ ಶಹಾಬಾದ ಫರಸಿಯ ಸಂದುಗಳಲ್ಲಿ ಕಚ್ಚಿಕೊಂಡು ಕುಡುಗೋಲಿನ ತುದಿಯಿಂದ ಕೆರೆದರೂ ಬಿಡುವುದಿಲ್ಲ. ಮೊದಲು ಸಾಬೂನು ನೀರಿನಿಂದ ಉಜ್ಜಿ, ನಂತರ ಲೀಟರಿಗೆ ಸುಮಾರು 15 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ತಿಳಿಯನ್ನು ಹರಡಿ ಹತ್ತು ನಿಮಿಷ ಬಿಡಿ. ಕಿಟಕಿ ಬಾಗಿಲು ತೆರೆದಿರಲಿ. ಸಂಡಾಸ ತೊಳೆಯುವ ಆ್ಯಸಿಡ್ಡನ್ನು ಇದಕ್ಕೆ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ರಾಡಿಯಲ್ಲಿ ನಡೆದಾಡಿದವರಿಗೆ ಮುಂದಿನ ವಾರಗಳಲ್ಲಿ ಜ್ವರದೊಂದಿಗೆ ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಾಣಿಸಿಕೊಂಡರೆ ಇಲಿಜ್ವರವಿರಬಹುದು; ನೀರಿನಲ್ಲಿ ಓಡಾಡಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಕೂಸಿಗೆ ಭೇದಿಯಾದರೆ ಓಆರ್‌ಎಸ್ ಕೊಡುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಕಲಬುರಗಿ ನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನೆರೆಯ ಸಮಯದಲ್ಲಿ ನಳಕ್ಕೆ ನೀರು ನಿಂತರೆ, ಇರುವ ನಾಲ್ಕು ಕೊಡ ನೀರನ್ನು ಹೇಗೆ ಬಳಸಬೇಕು?
(ಕಾಲೇಜು ವಿದ್ಯಾರ್ಥಿ, ಕಲಬುರಗಿ)

ಉತ್ತರ: ಭೀಮೆಯೇ ನಗರದ ಒಂದು ಮುಖ್ಯ ಜಲಮೂಲವಾದ್ದರಿಂದ, ಹೊಳೆ ತುಂಬಿ ಹರಿಯುವಾಗಲೇ ನಳ ಒಣಗುವ ವಿಚಿತ್ರ ನಮ್ಮ ಪಾಲಿಗಿದೆ. ಕುಡಿಯುವ, ಅಡುಗೆಯ ಕೊಡವನ್ನು ಬೇರೆ ಇಟ್ಟು ಮುಚ್ಚಿ, ಅದಕ್ಕೆ ಹಿಡಿಯುಳ್ಳ ಸೌಟನ್ನೇ ಬಳಸಿ; ಲೋಟ ಅದ್ದಿದರೆ ಬೆರಳೂ ಅದ್ದಿದಂತೆಯೇ. ಕೈ ತೊಳೆಯುವ ನೀರಿನಲ್ಲಿ ಮಾತ್ರ ಉಳಿತಾಯ ಬೇಡ. ಮೈ, ಬಟ್ಟೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಸಂಡಾಸಕ್ಕೆ ಹಾಕಿ. ತೆರೆದಿಟ್ಟ ಪಾತ್ರೆಗಳನ್ನು ವಾರಕ್ಕೊಮ್ಮೆಯಾದರೂ ಬರಿದು ಮಾಡಿ ತಿಕ್ಕದಿದ್ದರೆ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ.

ಪ್ರಶ್ನೆ: ನೆರೆ ನೀರಿನಲ್ಲಿ ನೆನೆದ ಜೋಳವನ್ನು ಒಣಗಿಸಿ ಬೀಸಿಸಬಹುದೇ?
(ರೈತರೊಬ್ಬರು, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ)

ಉತ್ತರ: ಬೇಡ. ಚೀಲದ ಮೇಲ್ಭಾಗ ಒಣಗಿದಂತೆ ಕಂಡರೂ ನೀರು ಒಳಗೇರಿರುತ್ತದೆ. ಬೂಷ್ಟು ಹಿಡಿದ ಕಾಳಿನ ವಿಷವು ರೊಟ್ಟಿ ಸುಟ್ಟರೂ ಹೋಗುವುದಿಲ್ಲ, ದನಗಳಿಗೂ ಅದು ಕೇಡು. ನಷ್ಟದ ಅರ್ಜಿಗೆ ಬೇಕಾದ ಫೋಟೊ ತೆಗೆದು, ಗ್ರಾಮ ಆಡಳಿತ ಅಧಿಕಾರಿಗೆ ತೋರಿಸಿದ ನಂತರ ಜನವಸತಿಯಿಂದ ದೂರ ಹೂಳಿಸಿ.